ಉಲ್ಫ್ರಿಕ್ ಸರಿಯೋ, ಟುಲಿಯಸ್ ಸರಿಯೋ? ಬೀದರ್‌ನ ಅಣ್ಣ-ತಮ್ಮಂದಿರ ಜಗಳಕ್ಕೆ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ನಾವು ಬೀದರ್‌ನವರು. ಬೇಸಿಗೆ ರಜೆಯಲ್ಲಿ ಹೊರಗೆ ಕಾಲಿಡೋ ಹಂಗಿರಲಿಲ್ಲ, ಅಷ್ಟು ಬಿಸಿಲು. ನಾನೂ ನನ್ನ ತಮ್ಮನೂ ಒಂದೇ ಲ್ಯಾಪ್‌ಟಾಪಿನಲ್ಲಿ ಪಾಳಿ ಹಾಕಿಕೊಂಡು ಸ್ಕೈರಿಮ್ ಆಡಿದೆವು. ನಾನು ಇಂಪೀರಿಯಲ್ ಲೀಜನ್ ಸೇರಿ ಅಂತರ್ಯುದ್ಧ ಮುಗಿಸಿದೆ, ಅವನು ಸ್ಟಾರ್ಮ್‌ಕ್ಲೋಕ್ ಸೇರಿ ಮುಗಿಸಿದ. ಈಗ ಊಟಕ್ಕೆ ಕೂತರೂ ಅದೇ ಜಗಳ. 'ನೀನು ನಾಡಿಗೆ ದ್ರೋಹ ಮಾಡಿದೆ' ಅಂತಾನೆ ಅವನು. 'ನಿನ್ನ ಉಲ್ಫ್ರಿಕ್ ದೊರೆಯನ್ನ ಕೊಂದವನು' ಅಂತೀನಿ ನಾನು. ಯಾರು ಸರಿ ಅಂತ ನೀವೇ ಹೇಳಿ. ಇನ್ನೊಂದು ವಿಷಯ, ಗೆದ್ದ ಮೇಲೆ ಏನೂ ಆಗಲೇ ಇಲ್ಲ ಅನ್ನಿಸಿತು. ಊರು ಹಾಗೇ, ಜನ ಹಾಗೇ. ನಾನೇನಾದರೂ ಬಿಟ್ಟೆನಾ? ಹಳೆ ಸೇವ್‌ನಿಂದ ಮುಂದುವರಿಸಬೇಕಾ, ಹೊಸದಾಗಿ ಶುರು ಮಾಡಬೇಕಾ?

ಉತ್ತರ: ಬಿಟ್ಟಿದ್ದೀರಿ. ಒಂದು ಕಾಗದ ಓದಿದ ಹಾಗಿಲ್ಲ, ಒಂದು ಸಭೆಗಂತೂ ಹೋಗಿಲ್ಲ. ನಿಮ್ಮ ತಮ್ಮನದೂ ಅದೇ ಕತೆ, ಯಾಕಂದ್ರೆ ಇಬ್ಬರೂ ಯುದ್ಧವನ್ನೇ ಮೊದಲು ಮುಗಿಸಿದ ಹಾಗೆ ಕಾಣುತ್ತದೆ. ಅವೆರಡನ್ನೂ ನೋಡಿದ್ದರೆ ನೀವು ಬಹುಶಃ ನನ್ನನ್ನು ಬೇರೆ ಪ್ರಶ್ನೆ ಕೇಳುತ್ತಿದ್ದಿರಿ: ಈ ಜಗಳ ಮುಗಿಯದೇ ಇರಲಿ ಅಂತ ಕಾಯುತ್ತಾ ಕೂತವರು ಯಾರು?

ಆಟ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಸ್ಕೈರಿಮ್ ಬೆಥೆಸ್ಡಾದವರ ಆಟ, 2011ರ ನವೆಂಬರ್ 11ರಂದು ಬಂತು. ಸ್ಕೈರಿಮ್ ಅನ್ನೋದು ಒಂದು ಹಿಮದ ನಾಡು. ಅಲ್ಲಿ ಜಾಸ್ತಿ ಇರುವವರು ನಾರ್ಡ್ ಜನ. ಆ ನಾಡು ಒಂದು ದೊಡ್ಡ ಸಾಮ್ರಾಜ್ಯದ ಭಾಗ. ಆಟದ ಲೆಕ್ಕದಲ್ಲಿ ನಾಲ್ಕನೇ ಯುಗದ 171ರಿಂದ 175ರವರೆಗೆ ಈ ಸಾಮ್ರಾಜ್ಯಕ್ಕೂ ಎಲ್ಫ್‌ಗಳ ಆಲ್ಡ್ಮೆರಿ ಡೊಮಿನಿಯನ್‌ಗೂ ಮಹಾಯುದ್ಧ ನಡೆಯಿತು. ಡೊಮಿನಿಯನ್ ಆಳುವವರ ಹೆಸರು ಥಾಲ್‌ಮೋರ್. ಕೊನೆಗೆ ಚಕ್ರವರ್ತಿ ಎರಡನೇ ಟೈಟಸ್ ಮೀಡ್ ಒಂದು ಒಪ್ಪಂದಕ್ಕೆ ಸಹಿ ಹಾಕಿದ. ಅದರ ಪ್ರಕಾರ ಟಾಲೋಸ್ ಪೂಜೆ ಬಂದ್. ಟಾಲೋಸ್ ಅಂದರೆ ಆ ಸಾಮ್ರಾಜ್ಯವನ್ನೇ ಕಟ್ಟಿ ಆಮೇಲೆ ದೇವರಾದವನು. ನಾರ್ಡ್‌ಗಳಿಗೆ ಮನೆದೇವರಿದ್ದ ಹಾಗೆ. ಕತೆ ಶುರುವಾಗೋದು 201ರಲ್ಲಿ. ಅಷ್ಟೊತ್ತಿಗೆ ವಿಂಡ್‌ಹೆಲ್ಮ್ ಊರಿನ ಒಡೆಯ ಉಲ್ಫ್ರಿಕ್ ಸ್ಟಾರ್ಮ್‌ಕ್ಲೋಕ್ ಸಾಲಿಟ್ಯೂಡ್‌ಗೆ ಹೋಗಿ ನಾಡಿನ ದೊರೆ ಟೋರಿಗ್‌ನನ್ನು ಕೊಂದು ಬಂಡೆದ್ದಿದ್ದಾನೆ. ಅವನ ಕಡೆಯವರೇ ಸ್ಟಾರ್ಮ್‌ಕ್ಲೋಕ್‌ಗಳು. ಬಂಡಾಯ ಅಡಗಿಸಲು ಸಾಮ್ರಾಜ್ಯ ತನ್ನ ಸೈನ್ಯವಾದ ಇಂಪೀರಿಯಲ್ ಲೀಜನ್ ಜೊತೆ ಜನರಲ್ ಟುಲಿಯಸ್‌ನನ್ನು ಕಳಿಸಿದೆ. ಒಂಬತ್ತು ಸೀಮೆಗಳಲ್ಲಿ ನಾಲ್ಕು ಇವನ ಕಡೆ, ನಾಲ್ಕು ಅವನ ಕಡೆ. ನಟ್ಟನಡುವಿನ ವೈಟ್‌ರನ್ ಯಾರ ಕಡೆಗೂ ಇಲ್ಲ. ಆಡುವವರು ಡ್ರ್ಯಾಗನ್‌ಬಾರ್ನ್, ಅಂದರೆ ಡ್ರ್ಯಾಗನ್ ಆತ್ಮ ಹೊತ್ತು ಹುಟ್ಟಿದವರು, ಯಾರ ಕಡೆ ಬೇಕಾದರೂ ಸೇರಬಹುದು.

ಈಗ ನಿಮ್ಮ ಮಾತಿಗೆ ಬರೋಣ. ಉಲ್ಫ್ರಿಕ್ ಕೊಲೆಗಾರನಾ?

ಆಟದಲ್ಲಿ ಇದಕ್ಕೆ ಸಾಕ್ಷಿ ಒಂದೇ ತರ ಇಲ್ಲ. ಬೇಕಂತಲೇ ಹಾಗೆ ಮಾಡಿದ್ದಾರೆ. ಸಾಲಿಟ್ಯೂಡ್‌ನವರನ್ನು ಕೇಳಿದರೆ ಕೂಗಿನಿಂದಲೇ (ಡ್ರ್ಯಾಗನ್ ಭಾಷೆಯ ಮಂತ್ರದಂಥ ಕೂಗು ಅದು) ದೊರೆಯನ್ನು ಚಿಂದಿ ಮಾಡಿದ ಅನ್ನುತ್ತಾರೆ. ಉಲ್ಫ್ರಿಕ್‌ನನ್ನೇ ಕೇಳಿದರೆ ಕೂಗಿ ಕೆಡವಿದ್ದು ನಿಜ, ಕೊಂದಿದ್ದು ಎದೆಗೆ ಇಳಿಸಿದ ಕತ್ತಿ ಅನ್ನುತ್ತಾನೆ. ಸವಾಲು ಹಾಕಿ ಕಾದಾಡುವುದು ನಾರ್ಡ್‌ಗಳ ಹಳೇ ಪದ್ಧತಿ, ಟೋರಿಗ್ ಸವಾಲು ಒಪ್ಪಿಕೊಂಡಿದ್ದ. ಆದರೆ ಆ ಕೂಗಿನ ವಿದ್ಯೆ ಬಲ್ಲವರು ಇಡೀ ನಾಡಿನಲ್ಲಿ ಬೆರಳೆಣಿಕೆಯಷ್ಟು ಜನ. ಉಲ್ಫ್ರಿಕ್ ಅದನ್ನು ಬೆಟ್ಟದ ಮೇಲಿನ ಹೈ ಹ್ರೋತ್‌ಗರ್‌ನಲ್ಲಿ ಗ್ರೇಬಿಯರ್ಡ್ ಎಂಬ ಸನ್ಯಾಸಿಗಳ ಹತ್ತಿರ ಕಲಿತವನು. ಎದುರಿಗೆ ನಿಂತ ಹುಡುಗ ದೊರೆಗೆ ಅದರ ಗಂಧಗಾಳಿ ಇಲ್ಲ. ಪದ್ಧತಿ ಪ್ರಕಾರ ತಪ್ಪಿಲ್ಲ ಅನ್ನಬಹುದು. ಸರಿಸಮ ಕಾಳಗ ಅಂತ ಮಾತ್ರ ಯಾರೂ ಅನ್ನಲಾರರು.

ಇದಕ್ಕಿಂತ ನನ್ನನ್ನು ಕಾಡಿದ್ದು ಇನ್ನೊಂದು ಮಾತು. ಸಾಲಿಟ್ಯೂಡ್ ಅರಮನೆಯಲ್ಲಿ ಸಿಬಿಲ್ ಸ್ಟೆಂಟರ್ ಅಂತ ಆಸ್ಥಾನದ ಮಾಂತ್ರಿಕಿ ಇದ್ದಾಳೆ. ಜಾಸ್ತಿ ಜನ ಅವಳನ್ನು ಮಾತಾಡಿಸುವುದೇ ಇಲ್ಲ. ಮಾತಾಡಿಸಿದರೆ ಹೇಳುತ್ತಾಳೆ: ಟೋರಿಗ್‌ಗೆ ಉಲ್ಫ್ರಿಕ್ ಮೇಲೆ ತುಂಬಾ ಗೌರವ ಇತ್ತು, ಸಾಮ್ರಾಜ್ಯದಿಂದ ಬೇರೆಯಾಗೋಣ ಅಂತ ಬಾಯಿಬಿಟ್ಟು ಕೇಳಿದ್ದರೆ ಒಪ್ಪಿದರೂ ಒಪ್ಪುತ್ತಿದ್ದನೇನೋ. ಅಂದರೆ ಕೇಳಿದ್ದರೆ ಸಿಗಬಹುದಾಗಿದ್ದನ್ನು ಉಲ್ಫ್ರಿಕ್ ಕೊಂದು ಪಡೆಯಲು ಹೋದ. ತಮ್ಮನ ಜೊತೆ ವಾದಕ್ಕೆ ಕೂತಾಗ ನಿಮಗೆ ಇದಕ್ಕಿಂತ ಒಳ್ಳೇ ಅಸ್ತ್ರ ಸಿಗಲಿಕ್ಕಿಲ್ಲ.

ಆದರೆ ನಿಮ್ಮ ಲೀಜನ್ ಏನು ಸಾಚಾನಾ? ಸಾಲಿಟ್ಯೂಡ್‌ಗೆ ಮೊದಲ ಸಲ ಕಾಲಿಟ್ಟಾಗ ನೋಡಿದ್ದನ್ನು ನೆನಪು ಮಾಡಿಕೊಳ್ಳಿ. ಬಾಗಿಲು ದಾಟಿದ ಕೂಡಲೇ ಜನ ಸೇರಿರುತ್ತಾರೆ. ಕಟ್ಟೆಯ ಮೇಲೆ ರಾಗ್‌ವೀರ್ ಅನ್ನುವ ಕಾವಲುಗಾರ, ಪಕ್ಕದಲ್ಲಿ ಕೊಡಲಿ ಹಿಡಿದವನು. ಉಲ್ಫ್ರಿಕ್ ದೊರೆಯನ್ನು ಕೊಂದು ಓಡುವಾಗ ಊರ ಬಾಗಿಲು ತೆಗೆದುಕೊಟ್ಟ ಅನ್ನೋದು ಇವನ ಮೇಲಿನ ಆಪಾದನೆ. ಅವನು ಅಳುವುದಿಲ್ಲ, ಬೇಡುವುದಿಲ್ಲ. ಸರಿಯಾದ ಕಾಳಗದಲ್ಲೇ ಗೆದ್ದ, ನಮ್ಮ ಪದ್ಧತಿಯೇ ಹಾಗೆ ಅಂತಾನೆ, ತಲೆ ಬಾಗಿಸುತ್ತಾನೆ. ಗುಂಪಿನಲ್ಲಿ ಸ್ವಾರಿ ಅಂತ ಒಂದು ಪುಟ್ಟ ಹುಡುಗಿ, ರಾಗ್‌ವೀರ್ ಅವಳಿಗೆ ಮಾವ. ಮಾವನಿಗೆ ಏನೂ ಮಾಡಬೇಡಿ ಅಂತ ಹೇಳಿ ಅಂತ ಅಪ್ಪನನ್ನು ಕಾಡುತ್ತಾಳೆ. ಕೊಡಲಿ ಬೀಳುತ್ತದೆ. ಕೆಲವು ದಿನ ಬಿಟ್ಟು ಆ ಊರಿಗೆ ಹೋದರೆ ರಾಗ್‌ವೀರ್‌ನ ಅಕ್ಕ ಗ್ರೇಟಾ ಸಿಗುತ್ತಾಳೆ. ಅವನ ಹೆಣದ ಮೇಲಿರುವ ಟಾಲೋಸ್ ತಾಯತ ತಂದುಕೊಡಿ ಅಂತ ಕೇಳುತ್ತಾಳೆ. ತಾಯತ ಇಟ್ಟುಕೊಳ್ಳುವುದೇ ಅಪರಾಧವಾದ ಊರಿನಲ್ಲಿ ಹೆಣದಿಂದ ತಾಯತ ಬಿಚ್ಚಿ ಅಕ್ಕನಿಗೆ ಮುಟ್ಟಿಸುವ ಕೆಲಸ ನಿಮ್ಮದಾಗುತ್ತದೆ. ಇದು ಯುದ್ಧದ ಕತೆಯ ಲೆಕ್ಕಕ್ಕೇ ಬರದ ಒಂದು ಚಿಕ್ಕ ಕೆಲಸ. ಇಡೀ ಯುದ್ಧದ ಸಾಲಿನಲ್ಲಿ ಇಷ್ಟು ಚೆನ್ನಾಗಿ ಬರೆದದ್ದು ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ತಮ್ಮನ ಊರು ವಿಂಡ್‌ಹೆಲ್ಮ್‌ಗೂ ಒಂದು ಬಾಗಿಲಿದೆ. ಅಲ್ಲಿ ಒಳಗೆ ಹೋದ ಕೂಡಲೇ ಇಬ್ಬರು ನಾರ್ಡ್‌ಗಳು ಒಬ್ಬ ಡಾರ್ಕ್ ಎಲ್ಫ್ ಹೆಂಗಸಿಗೆ (ಇವರು ಡೊಮಿನಿಯನ್ ಎಲ್ಫ್‌ಗಳಲ್ಲ, ಬೇರೆ ಜನಾಂಗ) ಅಡ್ಡ ನಿಂತಿರುತ್ತಾರೆ. ನಮ್ಮ ಅನ್ನ ತಿಂತೀರಿ, ನಮ್ಮ ಯುದ್ಧಕ್ಕೆ ಬರಲ್ಲ, ನೀವು ಸಾಮ್ರಾಜ್ಯದ ಗೂಢಚಾರರು, ಹೀಗೆ ಬೈಗುಳ. ಬೈಯುವವನು ರಾಲ್ಫ್, ಉಲ್ಫ್ರಿಕ್‌ನ ಬಲಗೈ ಬಂಟ ಗಾಲ್‌ಮಾರ್‌ನ ಸ್ವಂತ ತಮ್ಮ. ಡಾರ್ಕ್ ಎಲ್ಫ್‌ಗಳಿಗೆ ಗ್ರೇ ಕ್ವಾರ್ಟರ್ ಅನ್ನುವ ಕೊಳಕು ಕೇರಿ. ಹಲ್ಲಿಯಂಥ ಮೈಯ ಆರ್ಗೋನಿಯನ್ ಜನಕ್ಕೆ ಅದೂ ಇಲ್ಲ. ಅವರು ಕೋಟೆ ಗೋಡೆಯ ಹೊರಗೆ ಬಂದರಿನಲ್ಲೇ ಮಲಗಬೇಕು. 'ಸ್ಕೈರಿಮ್ ನಾರ್ಡ್‌ಗಳದ್ದು' ಅನ್ನುವ ಘೋಷಣೆ ನಾರ್ಡ್ ಅಲ್ಲದವನ ಕಿವಿಗೆ ಹೇಗೆ ಕೇಳಿಸುತ್ತದೆ ಅಂತ ತಿಳಿಯಬೇಕಾದರೆ ನಿಮ್ಮ ತಮ್ಮ ಒಂದು ಸಲ ಡಾರ್ಕ್ ಎಲ್ಫ್ ಆಗಿ ಆಡಿ ನೋಡಲಿ.

ಇಷ್ಟರಲ್ಲಿ ಇಬ್ಬರೂ ಸಮ ಸಮ ಅಂತ ತೀರ್ಪು ಕೊಟ್ಟು ಕೈತೊಳೆದುಕೊಳ್ಳಬಹುದು. ಎಷ್ಟೋ ಜನ ಹಾಗೇ ಮಾಡುತ್ತಾರೆ. ನನಗೆ ಅದು ಸೋಮಾರಿ ಉತ್ತರ ಅನ್ನಿಸುತ್ತದೆ. ಯಾಕಂದ್ರೆ ಕಾಗದ ಇನ್ನೂ ಬಾಕಿ ಇದೆ.

ಮುಖ್ಯ ಕತೆಯಲ್ಲಿ ಡ್ರ್ಯಾಗನ್ ಬೇಟೆಗಾರರ ಹಳೇ ಪಂಗಡದ ಡೆಲ್ಫಿನ್ ನಿಮ್ಮನ್ನು ಥಾಲ್‌ಮೋರ್ ರಾಯಭಾರ ಕಚೇರಿಯ ಒಂದು ಪಾರ್ಟಿಗೆ ಕಳಿಸುತ್ತಾಳೆ, ನೆನಪಿದೆಯಾ? ಜಾಸ್ತಿ ಜನ ಅಲ್ಲಿ ಡ್ರ್ಯಾಗನ್ ಬಗ್ಗೆ ಮಾಹಿತಿ ಹುಡುಕಿ, ಸಿಕ್ಕ ಪೆಟ್ಟಿಗೆಯನ್ನೆಲ್ಲ ಬಾಚಿಕೊಂಡು ಓಡುತ್ತಾರೆ. ಬಾಚಿಕೊಂಡಿದ್ದರಲ್ಲಿ ಉಲ್ಫ್ರಿಕ್ ಹೆಸರಿನ ಒಂದು ಫೈಲ್ ಇರುತ್ತದೆ. ಓದದೆ ಮುಂದೆ ಹೋಗುತ್ತಾರೆ. ಸರಿಯಾಗಿ ಒಂದೂವರೆ ಪುಟ ಇರಬಹುದು, ಅಷ್ಟೇ.

ಅದರಲ್ಲಿ ಏನಿದೆ ಅಂದರೆ, ಮಹಾಯುದ್ಧದ ಕಾಲದಲ್ಲಿ ಉಲ್ಫ್ರಿಕ್ ಥಾಲ್‌ಮೋರ್ ಕೈಗೆ ಸಿಕ್ಕು ಸೆರೆಯಲ್ಲಿದ್ದ. ವಿಂಡ್‌ಹೆಲ್ಮ್ ಒಡೆಯನ ಮಗ ಅಂತ ಗೊತ್ತಾದ ಮೇಲೆ ಅವನನ್ನು ಬೇರೆಯೇ ನೋಡಿಕೊಂಡರು. ವಿಚಾರಣೆ ಮಾಡಿದವಳು ಎಲೆನ್ವೆನ್, ಈಗಿನ ರಾಯಭಾರಿ. ಅದೇ ಪಾರ್ಟಿಯಲ್ಲಿ ನಿಮಗೆ ನಕ್ಕು ಸ್ವಾಗತ ಹೇಳಿದವಳು! ನೀನು ಬಾಯಿಬಿಟ್ಟಿದ್ದರಿಂದಲೇ ಸಾಮ್ರಾಜ್ಯದ ರಾಜಧಾನಿ ಬಿತ್ತು ಅಂತ ಅವನನ್ನು ನಂಬಿಸಿದರು. ನಿಜವಾಗಿ ಅವನು ಬಾಯಿಬಿಡುವ ಮೊದಲೇ ರಾಜಧಾನಿ ಬಿದ್ದಿತ್ತು. ಆಮೇಲೆ ತಪ್ಪಿಸಿಕೊಂಡು ಹೋಗಲು ತಾವೇ ದಾರಿ ಮಾಡಿಕೊಟ್ಟರು. ಯುದ್ಧ ಮುಗಿದ ಮೇಲೂ ಸಂಪರ್ಕ ಇತ್ತು. 176ರಲ್ಲಿ ಮಾರ್ಕಾರ್ತ್ ಊರನ್ನು ಅವನು ಅಲ್ಲಿನ ಮೂಲ ನಿವಾಸಿಗಳಾದ ರೀಚ್ ಜನರಿಂದ ಕಿತ್ತುಕೊಂಡ ಪ್ರಕರಣ ತಮಗೆ ತುಂಬಾ ಉಪಯೋಗವಾಯಿತು ಅಂತ ಅದರಲ್ಲಿ ಬರೆದಿದ್ದಾರೆ. ಆಮೇಲಿಂದ ಅವನು ನೇರ ಮಾತಿಗೆ ಸಿಗುತ್ತಿಲ್ಲ ಅಂತಲೂ ಇದೆ. ಹಾಗಾಗಿ ಉಲ್ಫ್ರಿಕ್ ಥಾಲ್‌ಮೋರ್ ಏಜೆಂಟ್ ಅಂತ ಹಾರಾಡಬೇಡಿ. ಅವನು ಅವರ ಮಾತು ಕೇಳುವವನಲ್ಲ. ಅವನ ಸಿಟ್ಟು ಅವರಿಗೆ ಉಪಯೋಗಕ್ಕೆ ಬರುತ್ತದೆ, ಅಷ್ಟೇ.

ಮುಖ್ಯವಾದದ್ದು ಫೈಲಿನ ಕೊನೆಯಲ್ಲಿದೆ. ಥಾಲ್‌ಮೋರ್‌ನವರು ಹೇಳುವುದಿಷ್ಟು: ಯುದ್ಧ ಯಾರೂ ಗೆಲ್ಲದೆ ಹೀಗೇ ಎಳೆಯುತ್ತಿರುವವರೆಗೂ ನಾವು ಕೈ ಹಾಕಬಾರದು. ಹೆಲ್ಗನ್‌ನಲ್ಲಿ (ಆಟ ಶುರುವಾಗುವ ಊರು ಅದು) ಸಾಮ್ರಾಜ್ಯದವರ ಕೈಲಿ ಉಲ್ಫ್ರಿಕ್ ತಲೆ ಹೋಗುವ ಹಾಗಿದ್ದಾಗ ಮಾತ್ರ ನಡುವೆ ಬರಬೇಕಾಯಿತು, ಅವನು ಸತ್ತರೆ ಸಾಮ್ರಾಜ್ಯ ಗೆದ್ದುಬಿಡುತ್ತಿತ್ತು. ಹಾಗಂತ ಸ್ಟಾರ್ಮ್‌ಕ್ಲೋಕ್ ಗೆಲ್ಲುವುದೂ ನಮಗೆ ಬೇಡ, ಅವರಿಗೆ ಸಹಾಯ ಮಾಡುವಾಗಲೂ ಹುಷಾರು. ಫೈಲಿನ ತಾತ್ಪರ್ಯ ಇದು. ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಅಂತೀವಲ್ಲ, ಇಲ್ಲಿ ಮೂರನೆಯವನು ತನ್ನ ಲಾಭದ ಲೆಕ್ಕವನ್ನೇ ಬರೆದಿಟ್ಟಿದ್ದಾನೆ.

ನಾನು ಕಲಬುರಗಿಯಲ್ಲಿ ಇತಿಹಾಸ ಪಾಠ ಮಾಡುವವನು. ನೀವು ಬೀದರ್‌ನವರು ಬೇರೆ. ಹಾಗಾಗಿ ಇಲ್ಲಿ ಗವಾನ್ ನೆನಪಾಗದೆ ಇರುವುದಿಲ್ಲ. ನಿಮ್ಮ ಊರಿನ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗಿಲಾನ್ ಕಡೆಯವನು. ಅವನ ಕಾಲದ ಬಹಮನಿ ದರ್ಬಾರಿನಲ್ಲಿ ಎರಡು ಬಣ. ತಲೆಮಾರುಗಳಿಂದ ಇಲ್ಲೇ ಇದ್ದ ದಖ್ಖನಿಗಳು ಒಂದು ಕಡೆ, ಇರಾನ್ ಮತ್ತು ಮಧ್ಯ ಏಷ್ಯಾದಿಂದ ಹೊಸದಾಗಿ ಬಂದ ಆಫಾಕಿಗಳು ಇನ್ನೊಂದು ಕಡೆ. ನಾವು ಇಲ್ಲಿಯವರು, ನೀವು ಹೊರಗಿನವರು ಅನ್ನುವ ಜಗಳ. ಗವಾನ್ ಆಫಾಕಿಯಾದರೂ ಹುದ್ದೆಗಳನ್ನು ಎರಡೂ ಬಣಕ್ಕೆ ಹಂಚಲು ನೋಡಿದ. ಯಾರಿಗೂ ಸಮಾಧಾನ ಆಗಲಿಲ್ಲ. 1481ರಲ್ಲಿ ಅವನ ಮುದ್ರೆ ಬಿದ್ದ ಖಾಲಿ ಕಾಗದ ಸಂಪಾದಿಸಿ, ಒಡಿಶಾದ ದೊರೆಯನ್ನು ದಂಡೆತ್ತಿ ಬಾ ಅಂತ ಕರೆದ ಹಾಗೆ ಸುಳ್ಳು ಪತ್ರ ಬರೆದರು. ಸುಲ್ತಾನ ಮೂರನೇ ಮುಹಮ್ಮದ್ ಮುದ್ರೆ ನೋಡಿದ, ಸರಿಯಾಗಿ ವಿಚಾರಿಸಲೂ ಇಲ್ಲ, ತಲೆ ತೆಗೆಸಿದ. ಮರುವರ್ಷ ಸುಲ್ತಾನನೂ ಹೋದ. ಆಮೇಲೆ ರಾಜ್ಯ ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀರಾರ್, ಬೀದರ್ ಅಂತ ಐದು ಹೋಳಾಯಿತು. ದಖ್ಖನಿಗಳು ಗೆದ್ದರೋ ಆಫಾಕಿಗಳು ಗೆದ್ದರೋ ಅಂತ ತರಗತಿಯಲ್ಲಿ ಹುಡುಗರು ಕೇಳುತ್ತಾರೆ. ಗೆಲ್ಲಲಿಕ್ಕೆ ರಾಜ್ಯವೇ ಉಳಿಯಲಿಲ್ಲವಲ್ಲ.

ಬೀದರ್‌ನಲ್ಲಿ ಕಾಗದ ಸುಳ್ಳು, ನೋಡಿದ ಕೂಡಲೇ ನಂಬಿದರು. ಸ್ಕೈರಿಮ್‌ನಲ್ಲಿ ಕಾಗದ ನಿಜ, ಆದರೆ ಅದನ್ನು ಯಾರಿಗೂ ತೋರಿಸುವ ಹಾಗಿಲ್ಲ. ಇದೇ ನನಗೆ ಈ ಆಟದ ಮೇಲಿರುವ ದೊಡ್ಡ ತಕರಾರು. ಫೈಲ್ ಜೇಬಿನಲ್ಲಿಟ್ಟುಕೊಂಡು ವಿಂಡ್‌ಹೆಲ್ಮ್ ಅರಮನೆಗೆ ಹೋಗಿ ಉಲ್ಫ್ರಿಕ್ ಮುಂದೆ ನಿಲ್ಲಿ. 'ರಾಜಧಾನಿ ನಿನ್ನಿಂದ ಬಿದ್ದಿದ್ದಲ್ಲ' ಅಂತ ಹೇಳಲು ಒಂದು ಸಾಲಿನ ಆಯ್ಕೆಯೂ ಇಲ್ಲ. ಟುಲಿಯಸ್‌ಗೂ ತೋರಿಸಲಾಗದು. ಇಪ್ಪತ್ತೈದು ವರ್ಷ ಒಬ್ಬ ಮನುಷ್ಯ ಹೊತ್ತು ತಿರುಗಿದ ಸುಳ್ಳನ್ನು ಇಳಿಸುವ ಚೀಟಿ ನಿಮ್ಮ ಕೈಲಿದೆ, ಆಟ ನಿಮಗೆ ಬಾಯಿ ಕೊಟ್ಟಿಲ್ಲ. ಬರೆದವರಿಗೆ ಇದು ಹೊಳೆದಿರಲಿಲ್ಲ ಅಂತ ನಾನು ನಂಬುವುದಿಲ್ಲ. ಅಷ್ಟು ಚೆನ್ನಾಗಿ ಫೈಲ್ ಬರೆದವರಿಗೆ ಹೊಳೆಯದೆ ಇರುತ್ತದಾ? ಸಮಯ ಸಾಲಲಿಲ್ಲವೋ, ಕತೆ ಕವಲೊಡೆದು ಕೈಮೀರುತ್ತದೆ ಅನ್ನಿಸಿತೋ.

ಇನ್ನು ನೀವು ತಪ್ಪಿಸಿಕೊಂಡ ಸಭೆ. ಲೋಕವನ್ನೇ ನುಂಗಲು ಬಂದ ಡ್ರ್ಯಾಗನ್ ಆಲ್ಡುಯಿನ್ ಜೊತೆ ಬೆಟ್ಟದ ತುದಿಯಲ್ಲಿ ಮೊದಲ ಕಾಳಗ ಆದ ಮೇಲೆ, ಅವನು ಎಲ್ಲಿಗೆ ಓಡಿದ ಅಂತ ತಿಳಿಯಲು ವೈಟ್‌ರನ್ ಅರಮನೆಯಲ್ಲಿ ಒಂದು ಡ್ರ್ಯಾಗನ್ ಹಿಡಿಯಬೇಕಾಗುತ್ತದೆ. ಯುದ್ಧ ಇನ್ನೂ ಮುಗಿದಿರದಿದ್ದರೆ ಅಲ್ಲಿನ ಒಡೆಯ ಬಾಲ್‌ಗ್ರೂಫ್ ಒಪ್ಪುವುದಿಲ್ಲ. ಡ್ರ್ಯಾಗನ್ನನ್ನು ಊರೊಳಗೆ ಕರೆಸಿ ನಾನು ತೊಂದರೆಯಲ್ಲಿದ್ದಾಗ ಇವರಿಬ್ಬರೂ ನುಗ್ಗಿದರೆ ಏನು ಗತಿ, ಮೊದಲು ಕದನ ನಿಲ್ಲಿಸಿ ಅನ್ನುತ್ತಾನೆ. ಆಗ ಹೈ ಹ್ರೋತ್‌ಗರ್‌ನಲ್ಲಿ ಶಾಂತಿ ಸಭೆ ಸೇರುತ್ತದೆ. ಯುದ್ಧ ಮುಗಿಸಿಬಿಟ್ಟಿದ್ದರೆ ಈ ಭಾಗ ಬರುವುದೇ ಇಲ್ಲ. ನಿಮಗಿಬ್ಬರಿಗೂ ಆಗಿದ್ದು ಇದೇ.

ಆ ಸಭೆ ಹೇಗಿದೆ ಅಂತೀರಿ! ಕಲ್ಲಿನ ಕೋಣೆ, ಉದ್ದ ಮೇಜು. ಒಂದು ಕಡೆ ಉಲ್ಫ್ರಿಕ್, ಗಾಲ್‌ಮಾರ್. ಎದುರು ಟುಲಿಯಸ್, ಅವನ ಕೈಕೆಳಗಿನ ರಿಕ್ಕೆ, ಮತ್ತೆ ಎಲಿಸಿಫ್. ಟೋರಿಗ್‌ನ ವಿಧವೆ ಅವಳು. ಗಂಡನನ್ನು ಕೊಂದವನ ಎದುರು ಕೂತಿದ್ದಾಳೆ. ಅವರ ಜೊತೆ ಎಲೆನ್ವೆನ್ ಕೂಡ ಬಂದಿರುತ್ತಾಳೆ, ನಾವು ಬರೀ ನೋಡಲಿಕ್ಕೆ ಬಂದವರು ಅನ್ನುವ ಹಾಗೆ. ಉಲ್ಫ್ರಿಕ್ ಕೂರುವ ಮೊದಲೇ ಸಿಡಿಯುತ್ತಾನೆ: ಈ ಹೆಂಗಸು ಇಲ್ಲಿದ್ದರೆ ನಾನಿರುವುದಿಲ್ಲ. ಫೈಲ್ ಓದದೆ ಬಂದವರಿಗೆ ಇದು ಸುಮ್ನೆ ಒರಟು ಮನುಷ್ಯನ ಹಟ ಅನ್ನಿಸುತ್ತದೆ. ಓದಿ ಬಂದವರಿಗೆ ಅವನು ಅವಳ ಮುಖ ನೋಡುವ ರೀತಿಯೇ ಬೇರೆ ಕಾಣುತ್ತದೆ. ಅವಳು ಇರಬೇಕೋ ಹೊರಗೆ ಹೋಗಬೇಕೋ ಅಂತ ತೀರ್ಮಾನ ಮಾಡಬೇಕಾದವರು ನೀವು.

ಆಮೇಲೆ ಶುರುವಾಗೋದು ಶುದ್ಧ ಚೌಕಾಸಿ. ಉಲ್ಫ್ರಿಕ್ ಮಾರ್ಕಾರ್ತ್ ಕೇಳುತ್ತಾನೆ. ಹಾಗಾದರೆ ನಮಗೇನು ಕೊಡ್ತೀರಿ ಅಂತ ಟುಲಿಯಸ್. ಒಂದು ಸೀಮೆ ಇವನಿಗೆ, ಒಂದು ಅವನಿಗೆ. ಕತ್ತಿ ಎತ್ತದೆ ಊರಿನ ಒಡೆಯರು ಬದಲಾಗುತ್ತಾರೆ. ರಿಫ್ಟನ್ ಊರನ್ನು ಸಾಮ್ರಾಜ್ಯಕ್ಕೆ ಕೊಟ್ಟರೆ ಗದ್ದುಗೆಗೆ ಬರುವವಳು ಮೇವನ್ ಬ್ಲ್ಯಾಕ್-ಬ್ರೈಯರ್, ಊರನ್ನೇ ಜೇಬಿನಲ್ಲಿಟ್ಟುಕೊಂಡ ಮದ್ಯದ ವ್ಯಾಪಾರಿ. ಮಾರ್ಕಾರ್ತ್ ಉಲ್ಫ್ರಿಕ್‌ಗೆ ಕೊಟ್ಟರೆ ಬರುವವನು ಬೆಳ್ಳಿ ಗಣಿಯ ಸಾಹುಕಾರ ತೊಂಗ್‌ವೋರ್ ಸಿಲ್ವರ್-ಬ್ಲಡ್. ಎರಡೂ ಕಡೆ ಗೆದ್ದವನು ದುಡ್ಡಿದ್ದವನೇ. ನಡುವೆ ಮಾತು ಮುರಿದು ಎಲ್ಲರೂ ಎದ್ದು ಹೊರಡುವ ಹೊತ್ತಿಗೆ ಡೆಲ್ಫಿನ್ ಪಂಗಡದ ಎಸ್‌ಬರ್ನ್ ಅನ್ನುವ ಮುದುಕ ರೇಗುತ್ತಾನೆ. ನಿಮ್ಮ ಸತ್ತ ಸೈನಿಕರ ಆತ್ಮ ತಿಂದು ಆಲ್ಡುಯಿನ್ ಕೊಬ್ಬುತ್ತಿದ್ದಾನೆ, ನೀವು ಇಲ್ಲಿ ಸೀಮೆ ಹಂಚಿಕೊಳ್ಳುತ್ತಿದ್ದೀರಿ ಅಂತ. ಕತ್ತಿ ಕಾಳಗವೇ ಇಲ್ಲದ ಈ ಭಾಗ ಇಡೀ ಅಂತರ್ಯುದ್ಧದಲ್ಲಿ ಎಲ್ಲಕ್ಕಿಂತ ಬಿಗಿಯಾಗಿದೆ.

ಗೆದ್ದ ಮೇಲೆ ಏನೂ ಆಗಲಿಲ್ಲ ಅಂದಿರಿ. ಅದು ನಿಮ್ಮ ತಪ್ಪಲ್ಲ. ಆಟ ಬಂದ ಕಾಲದಲ್ಲಿ ಅದು ಎಕ್ಸ್‌ಬಾಕ್ಸ್ 360 ಮತ್ತು ಪ್ಲೇಸ್ಟೇಷನ್ 3ರಲ್ಲೂ ಓಡಬೇಕಿತ್ತು. ಅವುಗಳಲ್ಲಿ ಇದ್ದ ಮೆಮೊರಿ ಒಟ್ಟು 512 ಎಂಬಿ. ನಿಮ್ಮ ಜೇಬಿನ ಫೋನಿನಲ್ಲಿ ಅದರ ಎಷ್ಟೋ ಪಟ್ಟು ಇರುತ್ತದೆ. ಸಾವಿರ ಜನ ಒಟ್ಟಿಗೆ ಕಾದಾಡುವುದನ್ನು ಅದರಲ್ಲಿ ತೋರಿಸಲಾಗದು. ಅದಕ್ಕೇ ಕೋಟೆ ಕಾಳಗದಲ್ಲಿ ಪರದೆಯ ಮೇಲೆ ಶೇಕಡಾ ಲೆಕ್ಕ ಇಳಿಯುತ್ತಾ ಹೋಗುತ್ತದೆ. ನಾಲ್ಕಾರು ಸೈನಿಕರು ಬರುತ್ತಾರೆ, ಸಾಯುತ್ತಾರೆ, ಮತ್ತೆ ನಾಲ್ಕಾರು ಬರುತ್ತಾರೆ, ಅಂಕಿ ಸೊನ್ನೆಯಾದರೆ ಕೋಟೆ ನಿಮ್ಮದು. ಊರಿನ ಮೇಲೇ ದಾಳಿ ನಡೆಯುವುದು ವೈಟ್‌ರನ್, ವಿಂಡ್‌ಹೆಲ್ಮ್, ಸಾಲಿಟ್ಯೂಡ್ ಮೂರರಲ್ಲಿ ಮಾತ್ರ. ಉಳಿದ ಕಡೆ ಒಂದು ಕೋಟೆ ಬಿದ್ದರೆ ಸೀಮೆಯೇ ಬಿದ್ದ ಹಾಗೆ. ಆಟದ ಫೈಲುಗಳಲ್ಲಿ ಬಳಸದೇ ಬಿಟ್ಟ ಯುದ್ಧದ ತುಣುಕುಗಳೂ ಸಿಕ್ಕಿವೆ. ಯೋಚನೆ ದೊಡ್ಡದಿತ್ತು, ಕೊನೆಗೆ ಕತ್ತರಿ ಬಿತ್ತು.

ಕೆಲವು ಹೊಲಿಗೆ ಬಿಟ್ಟ ಜಾಗಗಳಿಗೆ ಮಾತ್ರ ಮೆಮೊರಿ ನೆಪ ನಡೆಯುವುದಿಲ್ಲ. ಹೊಸ ದೊರೆಯನ್ನು ಆರಿಸಲು ಒಡೆಯರ ಸಭೆ ಸೇರುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಅದು ಸೇರುವುದೇ ಇಲ್ಲ. ಸೋತವರ ಡೇರೆಗಳು ಕಾಡಿನಲ್ಲಿ ಹಾಗೇ ಉಳಿಯುತ್ತವೆ. ಲೀಜನ್ ವಿಂಡ್‌ಹೆಲ್ಮನ್ನು ಗೆದ್ದರೆ ಒಳ್ಳೇ ಮನುಷ್ಯ ಬ್ರನ್‌ವುಲ್ಫ್ ಒಡೆಯನಾಗುತ್ತಾನೆ, ಆದರೂ ಡಾರ್ಕ್ ಎಲ್ಫ್‌ಗಳ ಕೇರಿ ಅಲ್ಲೇ. ಎಲ್ಲಕ್ಕಿಂತ ವಿಚಿತ್ರ ಅಂದರೆ, ಕೂಲಿ ಕೊಲೆಗಾರರ ಗುಂಪಾದ ಡಾರ್ಕ್ ಬ್ರದರ್‌ಹುಡ್ ಕತೆಯಲ್ಲಿ ನೀವು ಆ ಒಪ್ಪಂದಕ್ಕೆ ಸಹಿ ಹಾಕಿದ ಚಕ್ರವರ್ತಿಯನ್ನೇ ಹಡಗಿನಲ್ಲಿ ಕೊಲ್ಲಬಹುದು. ಕೊಂದು ಸೀದಾ ಟುಲಿಯಸ್ ಹತ್ತಿರ ಹೋದರೂ ಯುದ್ಧದ ನಕ್ಷೆಯಲ್ಲಿ ಒಂದು ಬಾವುಟ ಅಲ್ಲಾಡುವುದಿಲ್ಲ.

ಸರಿ, ಯಾರು ಸರಿ ಅಂತ ಹೇಳದೆ ಜಾರಿಕೊಂಡರೆ ನೀವು ಬಿಡುವುದಿಲ್ಲ. ನಾನಾದರೆ ಲೀಜನ್ ಕಡೆ. ಕೂದಲೆಳೆಯಷ್ಟು ವ್ಯತ್ಯಾಸದಲ್ಲಿ. ಥಾಲ್‌ಮೋರ್ ಮತ್ತೆ ಬಂದೇ ಬರುತ್ತಾರೆ, ಆಗ ಒಬ್ಬರಿಗೊಬ್ಬರು ಬೆನ್ನು ತಿರುಗಿಸಿದ ನಾಡುಗಳಿಗಿಂತ ಹರಕು ಸಾಮ್ರಾಜ್ಯವೇ ವಾಸಿ ಅನ್ನೋದು ನನ್ನ ಲೆಕ್ಕ. ಟಾಲೋಸ್ ವಿಷಯದಲ್ಲಿ ರಿವರ್‌ವುಡ್ ಕಮ್ಮಾರ ಆಲ್ವೋರ್ ಹೇಳುವುದನ್ನೂ ಕೇಳಿ. ನಾನು ಚಿಕ್ಕವನಿದ್ದಾಗ ಎಲ್ಲರ ಮನೆಯಲ್ಲೂ ಟಾಲೋಸ್ ಗೂಡಿತ್ತು, ಉಲ್ಫ್ರಿಕ್ ಗಲಾಟೆ ಎಬ್ಬಿಸುವವರೆಗೂ ಸಾಮ್ರಾಜ್ಯ ಕಂಡೂ ಕಾಣದ ಹಾಗಿತ್ತು ಅನ್ನುತ್ತಾನೆ. ಪೂರ್ತಿ ನಂಬಬೇಡಿ, ಅವನ ಅಣ್ಣನ ಮಗನೇ ಲೀಜನ್‌ನಲ್ಲಿದ್ದಾನೆ.

ಆದರೆ ನಿಮ್ಮ ತಮ್ಮನ ಕೈಯಲ್ಲಿ ಒಂದು ಗಟ್ಟಿ ವಾದ ಇದೆ. ಅವನಿಗೆ ಗೊತ್ತಿಲ್ಲ ಅನ್ನಿಸುತ್ತದೆ, ನಾನೇ ಹೇಳಿಕೊಡುತ್ತೇನೆ. ಹ್ಯಾಮರ್‌ಫೆಲ್ ನಾಡು. ಅದೇ ಒಪ್ಪಂದದಲ್ಲಿ ಚಕ್ರವರ್ತಿ ಅದರ ದಕ್ಷಿಣ ಭಾಗವನ್ನು ಎಲ್ಫ್‌ಗಳಿಗೆ ಬಿಟ್ಟುಕೊಟ್ಟ. ಅಲ್ಲಿಯವರು ಒಪ್ಪದೆ ಸಾಮ್ರಾಜ್ಯದಿಂದ ಹೊರಬಿದ್ದರು, ಒಬ್ಬರೇ ಕಾದರು. 180ರಲ್ಲಿ ಡೊಮಿನಿಯನ್ ಅಲ್ಲಿಂದ ಕಾಲ್ತೆಗೆಯಿತು. ಸಾಮ್ರಾಜ್ಯ ಬಿಟ್ಟರೆ ಬದುಕಿಲ್ಲ ಅನ್ನುವ ನನ್ನ ಲೆಕ್ಕಕ್ಕೆ ಇದು ನೇರ ಏಟು. ನಿಮಗೂ ಒಂದು ಮರುಏಟು ಕೊಡುತ್ತೇನೆ, ಪಕ್ಷಪಾತ ಬೇಡ. ಹ್ಯಾಮರ್‌ಫೆಲ್‌ನಿಂದ ಲೀಜನ್ ವಾಪಸ್ ಕರೆಸಿಕೊಂಡಾಗ ಜನರಲ್ ಡೆಸಿಯಾನಸ್ ತುಂಬಾ ಸೈನಿಕರನ್ನು 'ಇವರು ಕೆಲಸಕ್ಕೆ ಬಾರದವರು' ಅಂತ ಕಾಗದದ ಮೇಲೆ ಬಿಡುಗಡೆ ಮಾಡಿ ಅಲ್ಲೇ ಬಿಟ್ಟ. ಎಲ್ಫ್‌ಗಳನ್ನು ಓಡಿಸಿದ ಸೈನ್ಯದ ಬೆನ್ನೆಲುಬು ಆ ಹಳೇ ಲೀಜನ್‌ನವರೇ. ಈಗ ಇಬ್ಬರೂ ಊಟಕ್ಕೆ ಕೂತು ಮುಂದುವರಿಸಿ. ರೊಟ್ಟಿ ಆರಿಸಬೇಡಿ.

ಕೊನೆಗೆ ಸೇವ್ ವಿಷಯ. ಯುದ್ಧ ಮುಗಿದ ಸೇವ್‌ನಿಂದ ಆ ಸಭೆ ಯಾವ ಕಾರಣಕ್ಕೂ ಬರುವುದಿಲ್ಲ. ಹೊಸ ಪಾತ್ರ ಮಾಡಿ. ಹೆಲ್ಗನ್‌ನಲ್ಲಿ ಲೀಜನ್‌ನ ಹಾಡ್ವಾರ್ ಜೊತೆ ಓಡಿದರೂ ಸ್ಟಾರ್ಮ್‌ಕ್ಲೋಕ್ ಕಡೆಯ ರಾಲೋಫ್ ಜೊತೆ ಓಡಿದರೂ ಸೈನ್ಯ ಸೇರಿದ ಹಾಗಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮುಖ್ಯ ಕತೆಯನ್ನು ರಾಯಭಾರ ಕಚೇರಿಯವರೆಗೆ ಎಳೆಯಿರಿ, ಫೈಲ್ ಓದಿ. ಆಮೇಲೆ ಬೇಕಾದರೆ ಒಂದು ಕಡೆ ಸೇರಿ, ಆದರೆ ಕೊನೆಯ ಊರಿನ ದಾಳಿಗೆ ಕೈ ಹಾಕಬೇಡಿ. ಸಭೆ ಮುಗಿಸಿ, ಆಲ್ಡುಯಿನ್ ಕತೆ ಮುಗಿಸಿ, ಆಮೇಲೆ ಯುದ್ಧ ಮುಂದುವರಿಸಬಹುದು. ಕಡೆ ಬದಲಿಸುವ ಆಸೆ ಇದ್ದರೆ ಕೊರ್ವನ್‌ಜುಂಡ್ ಅನ್ನುವ ಹಳೇ ಗೋರಿಯಲ್ಲಿ ಹಳೇ ಕಿರೀಟ ಸಿಕ್ಕಾಗ ಒಂದು ಅವಕಾಶ ಇದೆ. ಕಳಿಸಿದವನಿಗೆ ಕೊಡದೆ ಎದುರಾಳಿಗೆ ಒಯ್ದು ಕೊಟ್ಟರೆ ಆ ಕಡೆ ಸೇರಿಸಿಕೊಳ್ಳುತ್ತಾರೆ. ದೊಡ್ಡ ಯುದ್ಧವೇ ಬೇಕು ಅಂದರೆ 'ಸಿವಿಲ್ ವಾರ್ ಓವರ್‌ಹಾಲ್' ಅನ್ನುವ ಮಾಡ್ (ಆಟಗಾರರೇ ಮಾಡಿದ ಮಾರ್ಪಾಡು) ಇದೆ, ಅದರಲ್ಲಿ ನೀವು ಸೋಲಲೂಬಹುದು. ಹಾಕುವುದಾದರೆ ಹೊಸ ಆಟಕ್ಕೇ ಹಾಕಿ, ಅರ್ಧ ಆಡಿದ ಸೇವ್‌ಗೆ ಹಾಕಿದರೆ ಆಟ ಕೆಡುವುದು ಜಾಸ್ತಿ. ಇಬ್ಬರಿಗೂ ಒಂದೇ ಲ್ಯಾಪ್‌ಟಾಪ್ ಅಂದಿರಿ, ಆಟೋಸೇವ್ ನಂಬಿ ಕೂರಬೇಡಿ. ಪಾಳಿ ಮುಗಿದಾಗ ಅವರವರು ಕೈಯಾರೆ ಸೇವ್ ಮಾಡಿ ಏಳಲಿ.